ರೆಸ್ಯೂಮೆ ಬರೆದುಕೊಡುವ ಸಾಫ್ಟ್‌ವೇರ್: ಏನು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಡಿಗ್ರಿ ಕಾಲೇಜುಗಳ ಎದುರಿನ ಸೈಬರ್ ಸೆಂಟರ್‌ಗಳಲ್ಲಿ ರೆಸ್ಯೂಮೆ ತಯಾರಾಗುತ್ತಿದ್ದ ಬಗೆ ಬಹಳ ಮಂದಿಗೆ ಗೊತ್ತು. ಹಿಂದೆ ಬಂದು ಹೋದ ಯಾರದೋ ವರ್ಡ್ ಫೈಲ್ ತೆರೆದು ಹೆಸರು, ಅಂಕ, ಫೋನ್ ನಂಬರ್ ಬದಲಿಸಿ ಎರಡು ಪ್ರತಿ ಪ್ರಿಂಟ್ ಕೊಡುತ್ತಿದ್ದರು. ಅವಸರದಲ್ಲಿ ಹಿಂದಿನವರ ತಂದೆಯ ಹೆಸರೋ ಹವ್ಯಾಸವೋ ಹಾಗೇ ಉಳಿದುಬಿಡುತ್ತಿತ್ತು. ಈಗ ಆ ಕೆಲಸ ಫೋನಿಗೆ ಬಂದಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ, "ಬಿಕಾಂ ಮುಗಿದಿದೆ, ಎರಡು ವರ್ಷ ಟ್ಯಾಲಿ ಅನುಭವ ಇದೆ, ರೆಸ್ಯೂಮೆ ಮಾಡಿಕೊಡು" ಎಂದು ಟೈಪ್ ಮಾಡಿದರೆ ಚಹಾ ಆರುವ ಮೊದಲೇ ಒಂದು ಪುಟ ಸಿದ್ಧ.

ಆ ಪುಟವನ್ನು ಮೊದಲು ಓದುವುದೂ ಬಹಳ ಕಡೆ ಒಂದು ಸಾಫ್ಟ್‌ವೇರೇ. ಬರೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಓದುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ನೋಡಲು ಚೆಂದದ ರೆಸ್ಯೂಮೆ ಇದ್ದೂ ಕರೆ ಬರುವುದಿಲ್ಲ. ಬಂದರೂ ಸಂದರ್ಶನದಲ್ಲಿ ಸಿಕ್ಕಿಬೀಳುವ ಸಾಧ್ಯತೆ ಇರುತ್ತದೆ.

ರೆಸ್ಯೂಮೆ ಟೂಲ್ ಅಂದರೆ ಯಾವುದು?

ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸ ಮಾಡುವ ಸಾಫ್ಟ್‌ವೇರ್‌ಗಳಿವೆ. ಮೊದಲನೆಯದು ಟೆಂಪ್ಲೇಟ್. ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ ವರ್ಡ್, ಕ್ಯಾನ್ವಾಗಳಲ್ಲಿ ಇರುವಂಥದ್ದು. ಇದು ಪುಟದ ಅಂದವನ್ನಷ್ಟೇ ಕೊಡುತ್ತದೆ, ಬರೆಯುವುದೆಲ್ಲ ನಿಮ್ಮದೇ. ಎರಡನೆಯದು ಫಾರಂ ತುಂಬಿಸಿಕೊಳ್ಳುವ ಬಿಲ್ಡರ್: ಹೆಸರು, ಓದು, ಅನುಭವ ಎಂದು ಒಂದೊಂದೇ ಕೇಳಿ ಕೊನೆಗೆ ಪಿಡಿಎಫ್ ಕೊಡುತ್ತದೆ. ಲಿಂಕ್ಡ್‌ಇನ್ ಪ್ರೊಫೈಲನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳುವುದೂ ಇದೇ ಜಾತಿ. ಯುರೋಪಿಯನ್ ಒಕ್ಕೂಟದ ಯೂರೋಪಾಸ್ ಕೂಡ ಇಂಥದ್ದೇ, ಉಚಿತ. ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಅರ್ಜಿ ಹಾಕುವವರು ಇದರ ಹೆಸರು ಕೇಳಿರುತ್ತಾರೆ.

ಮೂರನೆಯದು ಎಐ, ಅಂದರೆ ಕೃತಕ ಬುದ್ಧಿಮತ್ತೆ. ಇದು ವಾಕ್ಯಗಳನ್ನೇ ಬರೆಯುತ್ತದೆ. ಚಾಟ್‌ಜಿಪಿಟಿ, ಜೆಮಿನೈಗಳಂಥ ಚಾಟ್‌ಬಾಟ್‌ಗಳು ಇಲ್ಲಿ ಬರುತ್ತವೆ. ಈಗಿನ ಹೆಚ್ಚಿನ ಬಿಲ್ಡರ್‌ಗಳ ಒಳಗೂ ಇಂಥದೊಂದು ಎಐ ಕೂತಿದೆ. "ಸುಧಾರಿಸು" ಎನ್ನುವ ಗುಂಡಿ ಒತ್ತಿದರೆ ನಿಮ್ಮ ಸಾಲನ್ನು ತಿದ್ದಿ ಕೊಡುತ್ತದೆ.

ಈ ವ್ಯತ್ಯಾಸ ಗೊತ್ತಿದ್ದರೆ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು ಸುಲಭ. ಟೆಂಪ್ಲೇಟ್ ಮತ್ತು ಬಿಲ್ಡರ್‌ಗಳಿಂದ ಆಗುವ ತೊಂದರೆ ಹೆಚ್ಚಾಗಿ ವಿನ್ಯಾಸದ್ದು. ಎಐನಿಂದ ಆಗುವುದು ಸುಳ್ಳಿನದು.

ಅತ್ತ ಕಡೆ ಓದುವವರು ಯಾರು?

ದೊಡ್ಡ ಕಂಪನಿಗಳಿಗೆ ಬರುವ ಅರ್ಜಿಗಳು ನೇರವಾಗಿ ಎಚ್‌ಆರ್ ಇನ್‌ಬಾಕ್ಸ್‌ಗೆ ಬೀಳುವುದಿಲ್ಲ. ಅವು ಹೋಗುವುದು ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಂ, ಅಂದರೆ ಎಟಿಎಸ್ ಎಂಬ ಸಾಫ್ಟ್‌ವೇರ್‌ಗೆ. ವರ್ಕ್‌ಡೇ, ಒರಾಕಲ್‌ನ ಟೆಲಿಯೊ, ಗ್ರೀನ್‌ಹೌಸ್, ನಮ್ಮಲ್ಲಿ ಜೋಹೊ ರಿಕ್ರೂಟ್, ಡಾರ್ವಿನ್‌ಬಾಕ್ಸ್ ಇವೆಲ್ಲ ಈ ಬಗೆಯವು. ಅರ್ಜಿಗಳನ್ನು ಒಂದೆಡೆ ಇಟ್ಟು, ಯಾರು ಯಾವ ಹಂತದಲ್ಲಿದ್ದಾರೆ ಎಂದು ತೋರಿಸುವುದು ಇವುಗಳ ಮೂಲ ಕೆಲಸ. ನೌಕ್ರಿಯಂಥ ತಾಣದಲ್ಲಿ ಇನ್ನೊಂದು ದಾರಿಯೂ ಇದೆ: ನೀವು ಅರ್ಜಿ ಹಾಕದಿದ್ದರೂ ಕಂಪನಿಯವರು ರೆಸ್‌ಡೆಕ್ಸ್ ಎಂಬ ಅದರ ಸಂಗ್ರಹದಲ್ಲಿ "ಟ್ಯಾಲಿ, ಜಿಎಸ್‌ಟಿ, ಹುಬ್ಬಳ್ಳಿ, 2 ವರ್ಷ" ಎಂದು ಹುಡುಕಿ ನಿಮ್ಮನ್ನು ತಲುಪಬಹುದು.

ಹೀಗೆ ಹುಡುಕಲು ಸಿಗಬೇಕಾದರೆ ನಿಮ್ಮ ಫೈಲಿನ ಒಳಗಿನ ಮಾಹಿತಿ ಬೇರೆ ಬೇರೆ ಖಾನೆಗಳಲ್ಲಿ ಸರಿಯಾಗಿ ಕೂರಬೇಕು. ಆ ಕೆಲಸ ಮಾಡುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಅದು ಫೈಲಿನಿಂದ ಬರೀ ಅಕ್ಷರಗಳನ್ನು ಹೊರತೆಗೆಯುತ್ತದೆ. ಶೀರ್ಷಿಕೆ ನೋಡಿ "ಇದು ಓದಿನ ಭಾಗ, ಇದು ಅನುಭವದ ಭಾಗ" ಎಂದು ವಿಂಗಡಿಸುತ್ತದೆ. ಹತ್ತು ಅಂಕಿ ಕಂಡರೆ ಫೋನ್, ನಡುವೆ ಅಟ್ ಚಿಹ್ನೆ ಇದ್ದರೆ ಇಮೇಲ್, ತಿಂಗಳು ಮತ್ತು ವರ್ಷ ಒಟ್ಟಿಗೆ ಕಂಡರೆ ಅವಧಿ ಎಂದು ಗುರುತಿಸುತ್ತದೆ. ಹಾಗಾಗಿಯೇ "ಅನುಭವ" ಎಂದು ಬರೆಯಬೇಕಾದ ಕಡೆ "ನನ್ನ ಪಯಣ" ಎಂದು ಕವಿತ್ವ ಮೆರೆದರೆ ಯಂತ್ರಕ್ಕೆ ದಿಕ್ಕು ತಪ್ಪುತ್ತದೆ.

"100ರಲ್ಲಿ 75 ರೆಸ್ಯೂಮೆಗಳನ್ನು ಮನುಷ್ಯರು ನೋಡುವುದೇ ಇಲ್ಲ, ಎಟಿಎಸ್ಸೇ ತಳ್ಳಿಹಾಕುತ್ತದೆ" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಇದರ ಹಿಂದೆ ಗಟ್ಟಿಯಾದ ಅಧ್ಯಯನವಿಲ್ಲ. ಅರ್ಜಿ ತನ್ನಷ್ಟಕ್ಕೆ ಬಿದ್ದುಹೋಗುವುದು ಹೆಚ್ಚಾಗಿ ರೆಸ್ಯೂಮೆಯಿಂದಲ್ಲ, ಅದರ ಜೊತೆ ತುಂಬುವ ಪ್ರಶ್ನೆಗಳಿಂದ. ನೋಟಿಸ್ ಪೀರಿಯಡ್ ಎಷ್ಟು? ಬೆಂಗಳೂರಿಗೆ ಬರಲು ಸಿದ್ಧವೇ? ರಾತ್ರಿ ಪಾಳಿ ಆಗುತ್ತದೆಯೇ? "ಇಲ್ಲ" ಎಂದವರನ್ನು ಬದಿಗಿಡು ಎಂದು ಕಂಪನಿಯವರು ಮೊದಲೇ ಹೇಳಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಹೊರತಂದ ವರದಿಯೂ ಈ ಮೊದಲೇ ಹಾಕಿಟ್ಟ ಜರಡಿಗಳ ಬಗ್ಗೆಯೇ ಹೇಳಿತು: ಕೆಲಸದಲ್ಲಿ ಆರು ತಿಂಗಳಿಗೂ ಹೆಚ್ಚು ಬಿಡುವು ಇದ್ದವರನ್ನು ಕಾರಣ ಕೇಳದೆ ಹೊರಗಿಡುವ ಕಂಪನಿಗಳು ಸಾಕಷ್ಟಿವೆ. ಹೆರಿಗೆಗೋ ಮನೆಯವರ ಆರೈಕೆಗೋ ಕೆಲಸ ಬಿಟ್ಟಿದ್ದವರು ಆ ಅವಧಿಯನ್ನು ಖಾಲಿ ಬಿಡುವ ಬದಲು ತಿಂಗಳು, ವರ್ಷ ಹಾಕಿ ಒಂದೇ ಸಾಲಿನಲ್ಲಿ ಕಾರಣ ಬರೆಯುವುದು ವಾಸಿ.

ಎರಡು ಕಾಲಂ ಯಾಕೆ ಕೆಡುತ್ತದೆ?

ಅತಿ ಹೆಚ್ಚು ಮಂದಿ ಎಡವುವ ಜಾಗ ಇದು. ಕ್ಯಾನ್ವಾದಲ್ಲಿ ಸಿಗುವ ಜನಪ್ರಿಯ ಟೆಂಪ್ಲೇಟ್‌ಗಳನ್ನು ನೋಡಿ: ಎಡಕ್ಕೆ ಬಣ್ಣದ ಪಟ್ಟಿ, ಅದರಲ್ಲಿ ಫೋಟೋ, ಕೌಶಲಗಳು, ಭಾಷೆಗಳು. ಬಲಕ್ಕೆ ಅನುಭವ, ಓದು. ಕಣ್ಣಿಗೆ ಹಿತವಾಗಿರುತ್ತದೆ. ಆದರೆ ಪಿಡಿಎಫ್ ಎನ್ನುವುದು ಯಾವ ಅಕ್ಷರ ಪುಟದ ಯಾವ ಬಿಂದುವಿನಲ್ಲಿ ಇರಬೇಕು ಎಂದು ಹೇಳುವ ಫೈಲು. ಯಾವುದರ ನಂತರ ಯಾವುದನ್ನು ಓದಬೇಕು ಎಂದು ಅದು ಖಚಿತವಾಗಿ ಹೇಳಲೇಬೇಕೆಂದಿಲ್ಲ. ಪಾರ್ಸರ್ ಅದನ್ನು ಊಹಿಸಬೇಕು. ಊಹೆ ತಪ್ಪಿದರೆ ದಿನಪತ್ರಿಕೆಯ ಎರಡು ಕಾಲಂಗಳನ್ನು ಅಡ್ಡಡ್ಡ ಓದಿದ ಹಾಗಾಗುತ್ತದೆ. ಅಂಥದೊಂದು ರೆಸ್ಯೂಮೆಯಿಂದ ಹೊರಬರುವ ಪಠ್ಯ ಹೀಗಿರುತ್ತದೆ:

ಕೌಶಲಗಳು ಅನುಭವ
ಟ್ಯಾಲಿ ಪ್ರೈಮ್ ಅಕೌಂಟ್ಸ್ ಅಸಿಸ್ಟೆಂಟ್
ಎಕ್ಸೆಲ್ ಜೂನ್ 2022 – ಮೇ 2024
ಭಾಷೆಗಳು ಖರೀದಿ ಬಿಲ್ ನಮೂದು, ಬ್ಯಾಂಕ್
ಕನ್ನಡ, ಇಂಗ್ಲಿಷ್ ಲೆಕ್ಕದ ತಾಳೆ

ಇದನ್ನು ಓದಿದ ಯಂತ್ರಕ್ಕೆ ಹುದ್ದೆಯ ಹೆಸರು "ಟ್ಯಾಲಿ ಪ್ರೈಮ್ ಅಕೌಂಟ್ಸ್ ಅಸಿಸ್ಟೆಂಟ್" ಎಂದು ಕಂಡರೂ ಆಶ್ಚರ್ಯವಿಲ್ಲ. "ಬ್ಯಾಂಕ್ ಲೆಕ್ಕದ ತಾಳೆ" ಎಂದು ಹುಡುಕುವವರಿಗೆ ಈ ರೆಸ್ಯೂಮೆ ಸಿಗುವುದಿಲ್ಲ, ಏಕೆಂದರೆ ಆ ಪದಗಳ ನಡುವೆ ಭಾಷೆಗಳು ಬಂದು ಕೂತಿವೆ. ಹೊಸ ಪಾರ್ಸರ್‌ಗಳು ಕಾಲಂಗಳನ್ನು ಮೊದಲಿಗಿಂತ ಚೆನ್ನಾಗಿ ಗುರುತಿಸುತ್ತವೆ ನಿಜ. ಆದರೆ ಎದುರಿನ ಕಂಪನಿ ಹೊಸದನ್ನು ಬಳಸುತ್ತದೋ ಹಳೆಯದನ್ನೋ ನಮಗೆ ತಿಳಿಯುವುದಿಲ್ಲವಲ್ಲ.

ಇದೇ ಸಾಲಿಗೆ ಸೇರುವ ಇತರ ತೊಂದರೆಗಳೂ ಇವೆ. ವರ್ಡ್‌ನಲ್ಲಿ ಪುಟದ ತಲೆಭಾಗದ ಹೆಡರ್ ಒಳಗೆ ಫೋನ್ ನಂಬರ್ ಹಾಕಿದರೆ ಕೆಲವು ಪಾರ್ಸರ್‌ಗಳು ಅದನ್ನು ಓದುವುದೇ ಇಲ್ಲ. ಹೆಡರ್ ಪಠ್ಯ ಫೈಲಿನ ಒಳಗೆ ಬೇರೆಯೇ ಜಾಗದಲ್ಲಿ ಇರುತ್ತದೆ. ಕೌಶಲವನ್ನು ಐದು ಚುಕ್ಕೆಗಳಲ್ಲಿ ನಾಲ್ಕಕ್ಕೆ ಬಣ್ಣ ತುಂಬಿ ತೋರಿಸುವ ಅಭ್ಯಾಸವಿದೆ. ಯಂತ್ರಕ್ಕೆ ಅದು ಏನೂ ಅಲ್ಲ, ಮನುಷ್ಯರಿಗೂ ಎಕ್ಸೆಲ್‌ನಲ್ಲಿ ನಾಲ್ಕು ಚುಕ್ಕೆ ಅಂದರೆ ಏನೆಂದು ಅರ್ಥವಾಗುವುದಿಲ್ಲ. ವಿ-ಲುಕಪ್ ಬರುತ್ತದೆ, ಪಿವಟ್ ಟೇಬಲ್ ಬರುತ್ತದೆ ಎಂದು ಬರೆದರೆ ಇಬ್ಬರಿಗೂ ತಿಳಿಯುತ್ತದೆ. ಕೆಲವು ಅಲಂಕಾರಿಕ ಫಾಂಟ್‌ಗಳು ಇಂಗ್ಲಿಷಿನ ಎಫ್ ಮತ್ತು ಐ ಅಕ್ಷರಗಳನ್ನು ಬೆಸೆದು ಒಂದೇ ಚಿತ್ರವಾಗಿಸುತ್ತವೆ. ಆಗ ಸರ್ಟಿಫಿಕೇಟ್ ಎಂಬ ಪದದ ನಡುವೆಯೇ ಎರಡಕ್ಷರ ಕಾಣೆಯಾಗಬಹುದು. ಇನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸುವ ಪಿಡಿಎಫ್ ಅಂತೂ ಬರೀ ಫೋಟೋ. ಕ್ಯಾನ್ವಾದಲ್ಲಿ ಇಳಿಸಿಕೊಳ್ಳುವಾಗ "ಫ್ಲ್ಯಾಟನ್" ಆಯ್ಕೆಗೆ ಟಿಕ್ ಹಾಕಿದರೂ ಇದೇ ಗತಿ.

ಪರೀಕ್ಷೆ ಸುಲಭ, ಖರ್ಚಿಲ್ಲ. ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ತೆರೆದು ಕಂಟ್ರೋಲ್-ಎ, ಕಂಟ್ರೋಲ್-ಸಿ ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಕಾಣುವುದು ಹೆಚ್ಚುಕಡಿಮೆ ಪಾರ್ಸರ್‌ಗೆ ಕಾಣುವುದೇ. ಏನೂ ಪೇಸ್ಟ್ ಆಗದಿದ್ದರೆ ಫೈಲು ಫೋಟೋ. ಸಾಲುಗಳು ಕಲಸಿಹೋಗಿದ್ದರೆ ಟೆಂಪ್ಲೇಟ್ ಬದಲಿಸಿ. ಒಂದೇ ಕಾಲಂ, ಏರಿಯಲ್ ಅಥವಾ ಕ್ಯಾಲಿಬ್ರಿಯಂಥ ಸಾದಾ ಫಾಂಟ್, 10ರಿಂದ 12 ಅಳತೆ. ಇಷ್ಟು ಸಾಕು.

ಮೊದಲು ಕಚ್ಚಾ ಪಟ್ಟಿ, ಆಮೇಲೆ ಎಐ

ಎಐ ಮುಂದೆ ಖಾಲಿ ಕೈಯಲ್ಲಿ ಕೂತರೆ ಅದು ಖಾಲಿ ಜಾಗವನ್ನು ತಾನೇ ತುಂಬುತ್ತದೆ. ಇದು ಅದರ ಸ್ವಭಾವ. ಕೋಟ್ಯಂತರ ಪುಟಗಳನ್ನು ನೋಡಿ, ಇಂಥ ಪದದ ನಂತರ ಎಂಥ ಪದ ಬರುವ ಸಂಭವ ಹೆಚ್ಚು ಎಂದು ಕಲಿತ ಯಂತ್ರ ಅದು. ಅಕೌಂಟ್ಸ್ ರೆಸ್ಯೂಮೆಗಳಲ್ಲಿ "ಶೇಕಡಾ ಇಷ್ಟು ಉಳಿತಾಯ" ಎಂಬ ಸಾಲು ಹೆಚ್ಚಾಗಿ ಬರುತ್ತದೆ ಎಂದು ಅದಕ್ಕೆ ಗೊತ್ತು. ನಿಮ್ಮಿಂದ ಉಳಿತಾಯ ಆಗಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಟೂಲ್ ತೆರೆಯುವ ಮುಂಚೆ ಒಂದು ಸಾದಾ ಫೈಲಿನಲ್ಲಿ ಎಲ್ಲ ವಿವರ ಬರೆದಿಟ್ಟುಕೊಳ್ಳಿ. ಪ್ರತಿ ಕೆಲಸಕ್ಕೂ ಸಂಸ್ಥೆಯ ಹೆಸರು, ಊರು, ಸೇರಿದ ಮತ್ತು ಬಿಟ್ಟ ತಿಂಗಳು. ದಿನವೂ ಏನು ಮಾಡುತ್ತಿದ್ದಿರಿ, ಯಾವ ಸಾಫ್ಟ್‌ವೇರ್‌ನಲ್ಲಿ, ತಿಂಗಳಿಗೆ ಎಷ್ಟು, ಯಾರಿಗೆ ಒಪ್ಪಿಸುತ್ತಿದ್ದಿರಿ. ಕನ್ನಡದಲ್ಲೇ ಬರೆದರೂ ಆಗುತ್ತದೆ, ಈಗಿನ ಚಾಟ್‌ಬಾಟ್‌ಗಳು ಓದಿ ಇಂಗ್ಲಿಷಿಗೆ ತರುತ್ತವೆ. ಫ್ರೆಶರ್ ಆದರೆ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಅಂಗಡಿಯಲ್ಲಿ ಅಪ್ಪನಿಗೆ ಲೆಕ್ಕ ಬರೆದುಕೊಟ್ಟದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬೇಕಾದ ಕೆಲಸದ ಜಾಬ್ ಡಿಸ್ಕ್ರಿಪ್ಷನ್ ಕೂಡ ಕೆಳಗೆ ಅಂಟಿಸಿಟ್ಟುಕೊಳ್ಳಿ.

ನಂತರ ಎಐಗೆ ಕೊಡುವ ಸೂಚನೆಯಲ್ಲಿ ಈ ಎರಡು ಮಾತು ಇರಲಿ: "ನಾನು ಕೊಡದ ಯಾವ ಸಂಖ್ಯೆ, ಸಾಫ್ಟ್‌ವೇರ್, ಪದವಿ, ಜವಾಬ್ದಾರಿಯನ್ನೂ ಸೇರಿಸಬೇಡ. ಮಾಹಿತಿ ಸಾಲದಿದ್ದರೆ ಬರೆಯುವ ಮುಂಚೆ ನನ್ನನ್ನು ಕೇಳು." ಎರಡನೆಯ ಮಾತಿನಿಂದ ಆಗುವ ಲಾಭ ದೊಡ್ಡದು. ಅದು ಕೇಳುವ ಪ್ರಶ್ನೆಗಳು ನೀವು ಮರೆತಿದ್ದ ಕೆಲಸಗಳನ್ನು ಹೊರಗೆಳೆಯುತ್ತವೆ.

ಒಂದು ಸಾಲು ಹೇಗೆ ಕೆಡುತ್ತದೆ, ಹೇಗೆ ಸರಿಯಾಗುತ್ತದೆ

ಒಬ್ಬರ ಕಚ್ಚಾ ಟಿಪ್ಪಣಿ ಹೀಗಿದೆ ಎಂದುಕೊಳ್ಳಿ: "ಹಾರ್ಡ್‌ವೇರ್ ಅಂಗಡಿ, ದಾವಣಗೆರೆ. ಟ್ಯಾಲಿ ಎಂಟ್ರಿ, ತಿಂಗಳಿಗೆ ಸುಮಾರು 400 ಬಿಲ್. ಜಿಎಸ್‌ಟಿ ಲೆಕ್ಕ ಆಡಿಟರ್‌ಗೆ ಕಳಿಸೋದು."

ಸೂಚನೆ ಇಲ್ಲದೆ ಕೊಟ್ಟರೆ ಎಐ ಇದನ್ನು ಉಬ್ಬಿಸುವ ಬಗೆ ಹೀಗಿರುತ್ತದೆ: "ಫಲಿತಾಂಶಕ್ಕೆ ಬದ್ಧನಾದ, ಕ್ರಿಯಾಶೀಲ ಹಣಕಾಸು ವೃತ್ತಿಪರ. ಲೆಕ್ಕಪತ್ರ ವ್ಯವಸ್ಥೆಯ ಸಂಪೂರ್ಣ ನೇತೃತ್ವ ವಹಿಸಿ ದಕ್ಷತೆಯನ್ನು 35% ಹೆಚ್ಚಿಸಿದೆ. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಕೆಯನ್ನು ನಿರ್ವಹಿಸಿದೆ."

35% ಎಲ್ಲಿಂದಲೋ ಬಂತು. ನೇತೃತ್ವ ವಹಿಸಲು ಅಲ್ಲಿ ಇನ್ನೊಬ್ಬ ಗುಮಾಸ್ತನೂ ಇರಲಿಲ್ಲ. ಎಲ್ಲಕ್ಕಿಂತ ಅಪಾಯದ್ದು ಮೂರನೆಯ ವಾಕ್ಯ. ಡೇಟಾ ಸಿದ್ಧಪಡಿಸಿ ಆಡಿಟರ್‌ಗೆ ಕಳಿಸುವುದು ಬೇರೆ, ರಿಟರ್ನ್ ಸಲ್ಲಿಸುವುದು ಬೇರೆ. ಸಂದರ್ಶನದಲ್ಲಿ "ಜಿಎಸ್‌ಟಿ ರಿಟರ್ನ್ 3ಬಿಯಲ್ಲಿ ಐಟಿಸಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್) ಯಾವ ಟೇಬಲ್‌ನಲ್ಲಿ ತೋರಿಸುತ್ತೀರಿ?" ಎಂದು ಕೇಳಿದರೆ, ರಿಟರ್ನ್ ತುಂಬಿದವರು ನಾಲ್ಕನೇ ಟೇಬಲ್ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಉಳಿದವರು ಸೀಲಿಂಗ್ ನೋಡುತ್ತಾರೆ.

ಎಐ ಕೇಳಿದ ಪ್ರಶ್ನೆಗಳಿಗೆ ಉಳಿದ ವಿವರ ಕೊಟ್ಟ ಮೇಲೆ, ಸರಿಯಾದ ಸಾಲಿನ ಸಾರಾಂಶ ಹೀಗಿರಬೇಕು: "ಟ್ಯಾಲಿ ಪ್ರೈಮ್‌ನಲ್ಲಿ ತಿಂಗಳಿಗೆ ಸುಮಾರು 400 ಖರೀದಿ ಮತ್ತು ಮಾರಾಟದ ವೋಚರ್ ನಮೂದು. ಜಿಎಸ್‌ಟಿಆರ್-1ಕ್ಕೆ ಬೇಕಾದ ಮಾರಾಟದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಿ, 11ನೇ ತಾರೀಖಿನ ಗಡುವಿಗೆ ಮೊದಲು ಆಡಿಟರ್‌ಗೆ ರವಾನೆ." ಇದರಲ್ಲಿ ಆಡಂಬರ ಇಲ್ಲ. ಆದರೆ ಟ್ಯಾಲಿ, ವೋಚರ್, ಜಿಎಸ್‌ಟಿಆರ್-1, ಎಕ್ಸೆಲ್ ಎಂಬ ಹುಡುಕುವ ಪದಗಳೆಲ್ಲ ಇವೆ, ಪ್ರತಿಯೊಂದಕ್ಕೂ ಉತ್ತರ ಕೊಡುವ ಧೈರ್ಯವೂ ಇರುತ್ತದೆ.

ಹೆಸರು, ತಾರೀಖು, ಅಂಕ

ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಈ ಟೂಲ್‌ಗಳಿಗೆ ತಲೆನೋವು. ಕೆ. ಆರ್. ಮಂಜುನಾಥ ಎಂಬವರ ಮೊದಲ ಹೆಸರು "ಕೆ", ಕೊನೆಯ ಹೆಸರು "ಮಂಜುನಾಥ" ಎಂದು ಪಾರ್ಸರ್ ತುಂಬಿಬಿಡುತ್ತದೆ. ಅಪ್‌ಲೋಡ್ ಆದ ಮೇಲೆ ಪೋರ್ಟಲ್ ತಾನೇ ತುಂಬಿದ ಫಾರಂ ತೋರಿಸುತ್ತದಲ್ಲ, ಅಲ್ಲಿ ನಿಂತು ನೋಡಿ ತಿದ್ದಬೇಕು. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇರುವ ಹಾಗೇ ಹೆಸರು ಬರೆದರೆ ಮುಂದೆ ದಾಖಲೆ ತಾಳೆ ನೋಡುವಾಗ ಗೋಜಲಾಗುವುದಿಲ್ಲ.

ತಾರೀಖನ್ನು "ಜೂನ್ 2022 – ಮೇ 2024" ಎಂದು ತಿಂಗಳ ಸಮೇತ ಬರೆಯಿರಿ. "2022–24" ಎಂದರೆ ಅದು ಹದಿಮೂರು ತಿಂಗಳೂ ಆಗಬಹುದು, ಮೂರು ವರ್ಷವೂ ಆಗಬಹುದು.

ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸು ಎಂದರೆ ಎಐ ಬಹಳ ಸಲ 9.5ರಿಂದ ಗುಣಿಸುತ್ತದೆ. ಅದು ಸಿಬಿಎಸ್ಇ ಹತ್ತನೇ ತರಗತಿಗೆ ಬಳಸುತ್ತಿದ್ದ ಲೆಕ್ಕ. ವಿಶ್ವವಿದ್ಯಾಲಯಗಳ ಸೂತ್ರ ಬೇರೆ, ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಂ ಬದಲಾದರೆ ಸೂತ್ರ ಬದಲಾಗುವುದುಂಟು. ನಿಮ್ಮ ವಿಶ್ವವಿದ್ಯಾಲಯ ಪ್ರಕಟಿಸಿದ ಸೂತ್ರವನ್ನೇ ಹಿಡಿಯಿರಿ, ಇಲ್ಲವೇ ಸಿಜಿಪಿಎಯನ್ನು ಹಾಗೇ ಬಿಡಿ.

"ನಿಮ್ಮ ಎಟಿಎಸ್ ಸ್ಕೋರ್ 58"

ರೆಸ್ಯೂಮೆ ತಾಣಗಳು ಕೆಂಪು ಬಣ್ಣದಲ್ಲಿ ತೋರಿಸುವ ಈ ಅಂಕ ಆ ತಾಣದವರು ತಾವೇ ಮಾಡಿಕೊಂಡ ಲೆಕ್ಕ. ನೀವು ಅರ್ಜಿ ಹಾಕುವ ಕಂಪನಿ ಅದನ್ನು ನೋಡುವುದೂ ಇಲ್ಲ. ಒಂದೇ ಫೈಲು ಒಂದು ಕಡೆ 58, ಇನ್ನೊಂದು ಕಡೆ 84 ಪಡೆಯುವುದು ಅದಕ್ಕೇ. ಕೆಲಸದ ವಿವರದಲ್ಲಿ ಇರುವ ಯಾವ ಪದ ನಿಮ್ಮಲ್ಲಿಲ್ಲ ಎಂದು ತೋರಿಸುವ ಪಟ್ಟಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಅದರಲ್ಲೂ ನಿಮಗೆ ನಿಜವಾಗಿ ಬರುವುದನ್ನಷ್ಟೇ ಸೇರಿಸಿ.

ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ನೂರು ಕೌಶಲಗಳನ್ನು ಬಚ್ಚಿಡುವ ಉಪಾಯ ಹಳೆಯದು. ಪಾರ್ಸರ್ ಬಣ್ಣ ನೋಡುವುದಿಲ್ಲ, ಪಠ್ಯವನ್ನೆಲ್ಲ ಹೊರಹಾಕುತ್ತದೆ. ಎಚ್‌ಆರ್ ಪರದೆಯ ಮೇಲೆ ಆ ನೂರೂ ಕಪ್ಪಕ್ಷರದಲ್ಲಿ ಮೂಡುತ್ತವೆ.

ದುಡ್ಡು ಮತ್ತು ಗುಟ್ಟು

"ಉಚಿತ" ಎನ್ನುವ ಎಷ್ಟೋ ಬಿಲ್ಡರ್‌ಗಳು ಡೌನ್‌ಲೋಡ್ ಒತ್ತುವವರೆಗೆ ಮಾತ್ರ ಉಚಿತ. ಮುಕ್ಕಾಲು ಗಂಟೆ ಕೂತು ತುಂಬಿದ ಮೇಲೆ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ ಎಂಬ ಲೆಕ್ಕಾಚಾರ ಅದು. ಕೆಲವು ದಿನದ ಟ್ರಯಲ್‌ಗೆ ಚಿಕ್ಕ ಮೊತ್ತ ತೋರಿಸಿ, ಆಮೇಲೆ ತಿಂಗಳು ತಿಂಗಳು ದೊಡ್ಡ ಮೊತ್ತ ಕಡಿತವಾಗುವ ಷರತ್ತು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆದರೆ 15,000 ರೂಪಾಯಿವರೆಗೆ ಪ್ರತಿ ಸಲ ಓಟಿಪಿ ಬೇಕಿಲ್ಲ. ಎಸ್ಎಂಎಸ್ ಓದದವರ ಹಣ ಸದ್ದಿಲ್ಲದೆ ಹೋಗುತ್ತದೆ. ಯುಪಿಐನಲ್ಲಿ ಕೊಟ್ಟಿದ್ದರೆ ಆ್ಯಪ್‌ನ ಆಟೋಪೇ ಭಾಗಕ್ಕೆ ಹೋಗಿ ರದ್ದು ಮಾಡಬಹುದು. ಒಂದೇ ಕಾಲಂನ ರೆಸ್ಯೂಮೆಗೆ ಗೂಗಲ್ ಡಾಕ್ಸ್ ಸಾಕಾಗುವಾಗ ದುಡ್ಡು ಕೊಡಲು ಕಾರಣ ಕಾಣುವುದಿಲ್ಲ.

ಟೂಲ್‌ಗೆ ಕೊಟ್ಟ ಮಾಹಿತಿ ಬೇರೆಯವರ ಸರ್ವರ್‌ನಲ್ಲಿ ಉಳಿಯುತ್ತದೆ ಎಂಬುದೂ ನೆನಪಿರಲಿ. ಆಧಾರ್, ಪ್ಯಾನ್ ಸಂಖ್ಯೆ ರೆಸ್ಯೂಮೆಗೆ ಬೇಕಿಲ್ಲ. ಕೆಲಸ ಸಿಕ್ಕಮೇಲೆ ಕೇಳುತ್ತಾರೆ. ಹಳೆಯ ಬಯೋಡೇಟಾದ ಜಾತಿ, ಧರ್ಮ, ತಂದೆಯ ಉದ್ಯೋಗ, ಪೂರ್ತಿ ಮನೆ ವಿಳಾಸವನ್ನೂ ಬಿಡಬಹುದು, ಊರು ಮತ್ತು ಜಿಲ್ಲೆ ಸಾಕು. ಅಮೆರಿಕ, ಬ್ರಿಟನ್ ಕಡೆಯ ಕೆಲಸಕ್ಕಾದರೆ ಫೋಟೋ, ಹುಟ್ಟಿದ ದಿನ, ಮದುವೆಯ ವಿವರ ಯಾವುದನ್ನೂ ಹಾಕುವ ವಾಡಿಕೆ ಇಲ್ಲ. ಚಾಟ್‌ಬಾಟ್‌ಗೆ ಕೊಡುವಾಗ ಫೋನ್ ನಂಬರ್ ತೆಗೆದು ಕೊಟ್ಟು, ಕೊನೆಗೆ ನೀವೇ ಸೇರಿಸಿದರಾಯಿತು.

ಕನ್ನಡದಲ್ಲಿ ರೆಸ್ಯೂಮೆ ಬೇಕಾದಾಗ

ಕನ್ನಡ ಮಾಧ್ಯಮ ಶಾಲೆ, ಪತ್ರಿಕೆ, ಸಹಕಾರ ಸಂಘಗಳಿಗೆ ಕನ್ನಡದ ರೆಸ್ಯೂಮೆ ಕಳಿಸುವ ಸಂದರ್ಭ ಇರುತ್ತದೆ. ಇಲ್ಲಿ ಹಳೆಯ ನುಡಿ, ಬರಹ ಫಾಂಟ್‌ಗಳ ಸಮಸ್ಯೆ ಎದುರಾಗುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಮೇಲೆ ಕನ್ನಡದ ವೇಷ ಹಾಕಿರುತ್ತಾರೆ. ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದರೆ ಅರ್ಥವಿಲ್ಲದ ಗೀಚು. ಎಐಗೆ ಕೊಟ್ಟರೂ ಅದಕ್ಕೆ ಕಾಣುವುದು ಆ ಗೀಚೇ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ನೋಟೊ ಸಾನ್ಸ್ ಕನ್ನಡ ಅಥವಾ ತುಂಗಾದಂಥ ಫಾಂಟ್ ಬಳಸಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ತಪ್ಪುವುದುಂಟು, ಕಣ್ಣಾಡಿಸಬೇಕು. ಯೂನಿಕೋಡ್ ಕನ್ನಡವಾದರೂ ಪಿಡಿಎಫ್‌ಗೆ ಹೋದಾಗ ಕೆಲವೊಮ್ಮೆ ಒತ್ತುಗಳು ಜಾಗ ಬದಲಿಸುತ್ತವೆ, ಹಾಗಾಗಿ ಕನ್ನಡದ ರೆಸ್ಯೂಮೆಯನ್ನು ವರ್ಡ್ ಫೈಲಾಗಿಯೂ ಇಟ್ಟುಕೊಂಡಿದ್ದರೆ ಒಳ್ಳೆಯದು. ಕಳಿಸುವಾಗ ಎರಡನ್ನೂ ಲಗತ್ತಿಸಬಹುದು. ಗಾತ್ರ 2 ಎಂಬಿ ಒಳಗಿದ್ದರೆ ಹೆಚ್ಚಿನ ಪೋರ್ಟಲ್‌ಗಳು ತಕರಾರಿಲ್ಲದೆ ತೆಗೆದುಕೊಳ್ಳುತ್ತವೆ. ಫೈಲಿನ ಹೆಸರು "ರೆಸ್ಯೂಮೆ ಫೈನಲ್ ಹೊಸದು 3" ಎಂದಿರುವ ಬದಲು ನಿಮ್ಮ ಹೆಸರು ಮತ್ತು ಹುದ್ದೆ ಇರಲಿ.